ಪಟ್ಟಿಯ ಕೊನೆಯ ಸಾಲು

ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ, ಟಿವಿ ಪಕ್ಕದ ಗೋಡೆಗೆ ಒಂದು ದೊಡ್ಡ ಪಟ್ಟಿ ಅಂಟಿಸಿದೆ. ನನ್ನ ಯಜಮಾನರು ಡೆಟ್ರಾಯಿಟ್ ಕಡೆಯ ಒಂದು ಕಾಲೇಜಿನಲ್ಲಿ ಎಂ.ಎಸ್. ಓದಿದವರು. ಆ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಯಾರ‍್ಯಾರು ಹೆಡ್ ಕೋಚ್ ಆಗಿದ್ದರು, ಯಾರು ಎಷ್ಟು ಗೆದ್ದರು, ಎಷ್ಟು ಸೋತರು, ನೂರಕ್ಕೆ ಎಷ್ಟು ಗೆಲುವು ಎಂಬುದೆಲ್ಲ ಅದರಲ್ಲಿದೆ. ಹೆಚ್ಚು ಗೆದ್ದವನು ಮೇಲೆ, ಕಡಿಮೆ ಗೆದ್ದವನು ಕೆಳಗೆ. ನಮ್ಮ ಮದುವೆಯ ಫೋಟೋ ಮಾತ್ರ ಮೇಲಿನ ಕೋಣೆಯ ಬೀರುವಿನ ಒಳಗಿದೆ. ಯಜಮಾನರು ಆ ಉದ್ದುದ್ದ ಚೆಂಡನ್ನು ಜನ್ಮದಲ್ಲಿ ಕೈಯಲ್ಲಿ ಹಿಡಿದವರಲ್ಲ. ಮೈಸೂರಿನಲ್ಲಿದ್ದಾಗ ಕೇರಂ ಆಡುತ್ತಿದ್ದರಂತೆ, ಅದರಲ್ಲೂ ಕಾಯಿಗಿಂತ ಸ್ಟ್ರೈಕರೇ ಹೆಚ್ಚು ಗುಂಡಿಗೆ ಬೀಳುತ್ತಿತ್ತು ಎಂದು ನನ್ನ ನಾದಿನಿ ಹೇಳಿದ್ದಾಳೆ.

ಸೆಪ್ಟೆಂಬರ್ ಬಂತೆಂದರೆ ಪ್ರತಿ ಶನಿವಾರ ಚಿಕಾಗೋ ಪಕ್ಕದ ನೇಪರ್‌ವಿಲ್‌ನ ನಮ್ಮ ಮನೆಗೆ ಅವರ ಗೆಳೆಯರ ದಂಡು ಬರುತ್ತದೆ. ನಾನು ಗದಗಿನವಳು. ಮಂಡಕ್ಕಿಯ ಗಿರಮಿಟ್ ಕಲಸಿ, ಮಿರ್ಚಿ ಬಜ್ಜಿ ಕರಿದು ಕೆಳಗೆ ಕಳಿಸುತ್ತೇನೆ. ಆಟ ನೋಡುವುದಕ್ಕಿಂತ ಕೋಚ್‌ಗಳನ್ನು ತೂಗಿ ನೋಡುವುದೇ ಅವರಿಗೆ ಹೆಚ್ಚು ರುಚಿ. ಇವನ ಕಾಲದಲ್ಲಿ ಎದುರು ಬಂದವೆಲ್ಲ ಡಬ್ಬಾ ಟೀಮುಗಳು, ಅದಕ್ಕೇ ಇವನು ಮೇಲಿದ್ದಾನೆ. ಅವನು ಗೆದ್ದದ್ದೇನೋ ನಿಜ, ಆದರೆ ಪಕ್ಕದ ರಾಜ್ಯದವರ ಎದುರು ಮಾತ್ರ ಬಾಲ ಮುದುರಿಕೊಂಡ. ಹೀಗೆ ಕತ್ತಲಾಗುವ ತನಕ ಪಂಚಾಯಿತಿ. ಒಂದು ವಿಷಯದಲ್ಲಿ ಮಾತ್ರ ಎಲ್ಲರದೂ ಒಮ್ಮತ. ಪಟ್ಟಿಯ ಕೊನೆಯ ಸಾಲಿನವನು ದಂಡಪಿಂಡ. ಕೆಲವೇ ವರ್ಷ ಇದ್ದು, ಸೋತು ಸುಣ್ಣವಾಗಿ, ಕಾಲೇಜಿನವರಿಂದ ಹೊರದಬ್ಬಿಸಿಕೊಂಡು ಹೋದವನು.

ಒಂದು ಶನಿವಾರ ತಟ್ಟೆ ಇಡಲು ಹೋದವಳು ಸುಮ್ಮನಿರಲಾರದೆ ಕೇಳಿದೆ.

"ಅಲ್ರೀ, ಈ ಕಡೀಕಿನಂವ ಬಂದಾಗ ಟೀಮ್ ಹೆಂಗಿತ್ತು?"

"ಎಲ್ಲಿತ್ತು ಟೀಮು? ಅರ್ಧ ಹುಡುಗ್ರು ಬಿಟ್ಟು ಹೋಗಿದ್ರು," ಎಂದರು ಯಜಮಾನರು.

"ಮತ್ತ ಅವನ ಹಿಂದ ಬಂದಂವ ಮೊದಲನೇ ವರ್ಷಾನ ಗೆದ್ದ ಅಂತೀರಲ್ಲ, ಆ ಗೆದ್ದ ಹುಡುಗ್ರನ್ನ ಟೀಮಿಗೆ ಕರಕೊಂಡು ಬಂದಿದ್ದು ಯಾರು?"

ಅವರು ಮಿರ್ಚಿ ಕಚ್ಚಿದರು. ಅದು ಬಿಸಿಯಿತ್ತು. "ಅದು... ಇವನೇ. ಆದ್ರೆ ಲೆಕ್ಕ ಹಾಗೆಲ್ಲ ಹಾಕಲ್ಲ ಕಣೇ."

ಕೈ ಕೆಸರಾದದ್ದು ಒಬ್ಬರದು, ಬಾಯಿ ಮೊಸರಾದದ್ದು ಇನ್ನೊಬ್ಬರದು. ಹಾಳೂರಿಗೆ ಗೌಡನಾಗಿ ಬಂದು ಊರು ಕಟ್ಟಿದವನು ಕೆಳಗೆ, ಕಟ್ಟಿದ ಊರಿಗೆ ಬಂದು ಪೇಟ ಸುತ್ತಿಕೊಂಡವನು ಮೇಲೆ. ಹಾಗೆಂದು ನಾನು ಅಂದಾಗ ಗೆಳೆಯರೆಲ್ಲ ನಕ್ಕರು. ನಮ್ಮ ಕನ್ನಡ ಸಂಘದ ಅಧ್ಯಕ್ಷರೂ ಅಲ್ಲೇ ಸೋಫಾದ ಮೇಲಿದ್ದರು. "ಬಿಡಿ, ಕೋಚಿಗೆ ಕೋಚೇ ಸಪೋರ್ಟು," ಎಂದರು.

ಅವರು ಹಾಗೆಂದದ್ದು ನಾನೂ ಒಬ್ಬ ಕೋಚ್ ಆಗಿದ್ದರಿಂದ. ಸಂಘದ ಹೆಂಗಸರ ಥ್ರೋಬಾಲ್ ತಂಡ ನನ್ನ ಕೈಯಲ್ಲಿತ್ತು. ಗದಗಿನ ಶಾಲೆಯಲ್ಲಿ, ಆಮೇಲೆ ಧಾರವಾಡದ ಕಾಲೇಜಿನಲ್ಲಿ ಆಡಿದವಳು ನಾನು. ಪ್ರತಿ ಭಾನುವಾರ ಬೋಲಿಂಗ್‌ಬ್ರೂಕ್‌ನ ಒಂದು ಬಾಡಿಗೆ ಜಿಮ್ಮಿನಲ್ಲಿ ಪ್ರಾಕ್ಟೀಸು. ವರ್ಷಕ್ಕೊಮ್ಮೆ ಡೆಟ್ರಾಯಿಟ್ ಕನ್ನಡ ಹೆಂಗಸರ ಜೊತೆ ಕಪ್ಪಿಗಾಗಿ ಆಟ. ನನ್ನದು ಒಂದೇ ನಿಯಮ: ಪ್ರಾಕ್ಟೀಸಿಗೆ ತಪ್ಪದೆ ಬಂದವಳು ಪಂದ್ಯದಲ್ಲಿ ಆಡುತ್ತಾಳೆ. ಚೆನ್ನಾಗಿ ಆಡಲಿ, ಬಿಡಲಿ, ಸರದಿ ಬಂದಾಗ ಅಂಕಣದ ಒಳಗೆ ನಿಲ್ಲುತ್ತಾಳೆ. ಈ ನಿಯಮದಿಂದ ನಾವು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು, ಇಲ್ಲವೆನ್ನುವುದಿಲ್ಲ.

ತಪ್ಪದೆ ಬರುವವರಲ್ಲಿ ಒಬ್ಬಳು ದಾವಣಗೆರೆಯವಳು. ಗ್ಲೆಂಡೇಲ್ ಹೈಟ್ಸ್‌ನಲ್ಲಿ ಗಂಡ ಹೆಂಡತಿ ಸೇರಿ ಬಟ್ಟೆ ಆಲ್ಟರೇಷನ್ ಅಂಗಡಿ ಇಟ್ಟುಕೊಂಡಿದ್ದಾರೆ. ನಮ್ಮ ತಂಡದ ಜರ್ಸಿಗಳನ್ನೆಲ್ಲ ಮೈಗೆ ಕೂರುವಂತೆ ಹೊಲಿದುಕೊಟ್ಟವಳು ಅವಳೇ. ತನ್ನದಕ್ಕೆ ಮಾತ್ರ ಮುಂಗೈವರೆಗೆ ತೋಳು ಹೊಲಿದುಕೊಂಡು, ತಲೆಗೆ ಅದೇ ಬಣ್ಣದ ಸ್ಕಾರ್ಫ್ ಮಾಡಿಕೊಂಡಿದ್ದಳು. ಎಸೆತ ಪರವಾಗಿಲ್ಲ. ಹಿಡಿತ ಮಾತ್ರ ದೇವರಿಗೇ ಪ್ರೀತಿ. ಚೆಂಡು ಹತ್ತಿರ ಬಂದರೆ ಕಣ್ಣು ಮುಚ್ಚಿಬಿಡುತ್ತಿದ್ದಳು.

"ಶಾಲೆಯಾಗೆ ನನ್ನ ಗೆರೆ ಹೊರಗೇ ನಿಲ್ಲಿಸ್ತಿದ್ರು ಅಕ್ಕ," ಎಂದು ಒಮ್ಮೆ ಹೇಳಿದ್ದಳು. "ಚೆಂಡು ಆಚೆ ಹೋದ್ರೆ ಓಡಿ ತಂದು ಕೊಡೋದು. ಒಂದಿನಾನೂ ಒಳಗೆ ಕರೀಲಿಲ್ಲ."

"ಇಲ್ಲಿ ಕರೀತೀನಿ," ಎಂದು ನಾನು ಮಾತು ಕೊಟ್ಟಿದ್ದೆ.

ವಸಂತ ಕಾಲದಲ್ಲಿ ಸಂಘದ ಸಭೆ ನಡೆಯಿತು. ಬಿಸಿಬೇಳೆ ಭಾತ್ ಆದ ಮೇಲೆ ಅಧ್ಯಕ್ಷರು ಗೋಡೆಯ ಮೇಲೆ ಒಂದು ಸ್ಲೈಡ್ ಹಾಕಿದರು. ನೋಡುತ್ತೇನೆ, ನಮ್ಮ ಬೇಸ್‌ಮೆಂಟಿನ ಪಟ್ಟಿಯ ಮರಿ. ಅದೇ ಬಣ್ಣ, ಅದೇ ಗೆರೆ. ಥ್ರೋಬಾಲ್ ತಂಡದ ಕೋಚ್‌ಗಳು, ಗೆಲುವಿನ ಪ್ರಕಾರ. ಈಗ ಟೆಕ್ಸಾಸಿಗೆ ಹೋಗಿರುವವಳು ಮೇಲೆ, ಅವಳ ನಂತರ ಬಂದವಳು ನಡುವೆ, ನಾನು ಕೊನೆಯಲ್ಲಿ. ಆ ಬಣ್ಣ ಯಾರ ಕೈಯದು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ತಿರುಗಿ ನೋಡಿದರೆ ಯಜಮಾನರು ಮೊಸರು ಬಜ್ಜಿಯಲ್ಲಿ ಏನನ್ನೋ ಹುಡುಕುತ್ತಿದ್ದರು. ಪಕ್ಕದಲ್ಲಿದ್ದ ಮಗಳು, ಇಲ್ಲೇ ಹುಟ್ಟಿದವಳು, ಕಿವಿಯಲ್ಲಿ ಪಿಸುಗುಟ್ಟಿದಳು, "ಮಾಮ್, ದೆ ಆರ್ ಫೈರಿಂಗ್ ಯು."

"ಮೇಡಂ, ಪರ್ಸನಲ್ಲಾಗಿ ತಗೋಬೇಡಿ," ಎಂದರು ಅಧ್ಯಕ್ಷರು. "ನಂಬರ್ ಸುಳ್ಳು ಹೇಳಲ್ಲ. ಈ ಸಲ ಚೆನ್ನಾಗಿ ಆಡೋರನ್ನ ಮಾತ್ರ ಇಳಿಸಿ, ಡೆಟ್ರಾಯಿಟಿಂದ ಕಪ್ ತನ್ನಿ, ನೀವೇ ಮುಂದುವರೀರಿ. ಇಲ್ಲಾಂದ್ರೆ ಬೇರೆಯವರನ್ನ ನೋಡಬೇಕಾಗುತ್ತೆ." ಬೇರೆಯವರು ಯಾರೆಂದೂ ಗೊತ್ತಿತ್ತು. ಮಕ್ಕಳ ಸಾಕರ್ ತಂಡ ನೋಡಿಕೊಳ್ಳುತ್ತಿದ್ದ ಒಬ್ಬ ಯುವಕ, ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡೇ ಊಟಕ್ಕೆ ಬಂದಿದ್ದ.

ಮೈಯೆಲ್ಲ ಉರಿಯಿತು. ಬಡಿಸಲು ತಂದಿದ್ದ ಸೌಟು ಹಿಡಿದೇ ಎದ್ದು ನಿಂತೆ. "ಬಂದವರೆಲ್ಲಾ ಆಡ್ತಾರ್ರೀ. ಅದು ನನ್ನ ಟೀಮಿನ ನಿಯಮ. ಕಪ್ ಬೇಕಾದ್ರ ಅಂಗಡ್ಯಾಗ ಸಿಗ್ತಾವ, ನಾನ ತಂದು ಕೊಡ್ತೀನಿ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದು ಹಿಂದಿನಿಂದ ಯಾರೋ ಅಂದರು. ಯಾರೆಂದು ನೋಡಲು ಹೋಗಲಿಲ್ಲ, ನೋಡಿದ್ದರೆ ಸೌಟು ಕೈಯಲ್ಲೇ ಇತ್ತು.

ಮನೆಗೆ ಬರುವಾಗ ಕಾರಿನಲ್ಲಿ ಯಜಮಾನರು ಗಂಟಲು ಸರಿಮಾಡಿಕೊಂಡರು. "ಅವರು ಟೆಂಪ್ಲೇಟ್ ಕೇಳಿದ್ರು ಅಷ್ಟೇ ಕಣೇ."

"ಹೌದ್ರಿ. ಹೆಂಡತಿ ಹೆಸರು ಕಡೀ ಸಾಲಿಗೆ ಚೆಂದ ಕೂತೈತಿ," ಎಂದೆ. ಆ ವಾರ ಅವರಿಗೆ ಮೊಸರನ್ನವೇ ಗತಿಯಾಯಿತು.

ಜೂನಿನಲ್ಲಿ ತಂಡದವರೆಲ್ಲ, ಜೊತೆಗೆ ಯಜಮಾನರು, ಮಗಳು, ಡೆಟ್ರಾಯಿಟಿಗೆ ಹೊರಟೆವು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದೆ. ಪ್ರತಿ ವರ್ಷ ನಮ್ಮವರು ಅದನ್ನು ಮರೆತು ಹೊರಡುತ್ತಾರೆ, ಪ್ರತಿ ವರ್ಷ ಡೆಟ್ರಾಯಿಟಿನವರು, "ಚಿಕಾಗೋದವರು ಒಂದು ಗಂಟೆ ಸೋತುಕೊಂಡೇ ಬರ್ತಾರೆ," ಎಂದು ಆಡಿಕೊಳ್ಳುತ್ತಾರೆ. ಈ ಸಲವೂ ಮರೆತಿದ್ದೆವು. ಹೈವೇಯ ರೆಸ್ಟ್ ಏರಿಯಾದಲ್ಲಿ ನಿಂತು ಗಡಿಬಿಡಿಯಲ್ಲಿ ಚಪಾತಿ ಸುರುಳಿ ತಿನ್ನುವಾಗ ದಾವಣಗೆರೆಯವಳು ನನ್ನನ್ನು ಪಕ್ಕಕ್ಕೆ ಕರೆದಳು. ಸಭೆಯ ಸುದ್ದಿ ಅವಳಿಗೂ ಮುಟ್ಟಿತ್ತು.

"ಅಕ್ಕ, ಇವತ್ತು ನನ್ನ ಇಳಿಸಬ್ಯಾಡ್ರಿ. ನನ್ನಿಂದ ಸೋತು, ನಿಮ್ಮನ್ನ ತೆಗೆದ್ರೆ ನಂಗೆ ನಿದ್ದೆ ಬರಲ್ಲ. ನಾನು ಕೂತ್ಕಂತೀನಿ."

"ಕೂಡೋದ ಆದ್ರ ಮನ್ಯಾಗ ಸೋಫಾ ಇತ್ತಲ್ಲ. ಇಷ್ಟು ದೂರ ಯಾಕ ಬಂದಿ?"

"ಹಂಗಲ್ಲ ಅಕ್ಕ..."

"ಹಂಗ. ಸರದಿ ಬಂದಾಗ ಒಳಗ ಬರ್ತಿ. ಕಣ್ಣು ಮಾತ್ರ ಮುಚ್ಚಬ್ಯಾಡ."

ಧೈರ್ಯದಿಂದ ಹೇಳಿದೆನೇನೋ ಸರಿ. ಆದರೆ ಆ ಭಾನುವಾರಗಳು ನನಗೆ ಬೇಕಾಗಿದ್ದವು. ಇಡೀ ವಾರದಲ್ಲಿ ನಾನು ನಾನಾಗಿರುತ್ತಿದ್ದದ್ದು ಆ ಜಿಮ್ಮಿನಲ್ಲಿ ಮಾತ್ರ. ಅದನ್ನು ಆ ಸೀಟಿಯವನಿಗೆ ಬಿಟ್ಟುಕೊಡುವುದು ನೆನೆಸಿಕೊಂಡರೆ ಅಳು ಬರುತ್ತಿತ್ತು.

ಅಲ್ಲಿನ ಒಂದು ಶಾಲೆಯ ಜಿಮ್ಮಿನಲ್ಲಿ ಪಂದ್ಯ. ಮೊದಲ ಆಟ ಅವರದು, ಎರಡನೆಯದು ನಮ್ಮದು. ಮೂರನೆಯದರಲ್ಲಿ ಹಾವು ಏಣಿ. ಕೊನೆಗೆ ಎರಡೂ ಕಡೆ ಪಾಯಿಂಟು ಸಮವಾಗುತ್ತ ಬಂದಾಗ ದಾವಣಗೆರೆಯವಳ ಸರದಿ ಬಂತು. ನಾನು ಕೈ ಎತ್ತಿ ಬದಲಾವಣೆ ಕೇಳಿದೆ. ಅಧ್ಯಕ್ಷರು ಗ್ಯಾಲರಿಯಿಂದ ಇಳಿದು ಗೆರೆಯವರೆಗೂ ಬಂದರು.

"ಮೇಡಂ, ಈಗ ಬೇಡ. ದಯವಿಟ್ಟು. ಇನ್ನೆರಡು ಪಾಯಿಂಟ್ ಅಷ್ಟೇ."

"ಸರದಿ ಅಕಿದು," ಎಂದೆ.

"ಇದರ ಪರಿಣಾಮ ಗೊತ್ತಲ್ಲ ನಿಮಗೆ?"

"ಗೊತ್ತೈತ್ರಿ. ನೀವ ಸ್ಲೈಡ್ ಹಾಕಿ ತೋರಿಸೀರಲ್ಲ."

ಅವಳು ಒಳಗೆ ಹೋದಳು. ಎದುರಿನವರು ದಡ್ಡರಲ್ಲ, ಹೊಸಬಳನ್ನು ನೋಡಿ ನೇರ ಅವಳ ಕಡೆಗೇ ಎಸೆದರು. ಅವಳ ಕಣ್ಣು ತೆರೆದಿತ್ತು. ಚೆಂಡು ಎರಡೂ ಕೈಗಳ ನಡುವೆ ಬಂದು ಕೂತಿತು. ಕೂತದ್ದನ್ನು ಅವಳೇ ನಂಬದೆ ಒಂದು ಕ್ಷಣ ನೋಡಿದಳು, ಆಮೇಲೆ ಭುಜದ ಮೇಲಿಂದ ಖಾಲಿ ಮೂಲೆಗೆ ಬೀಸಿದಳು. ಪಾಯಿಂಟು ನಮ್ಮದು. ನಮ್ಮ ಹೆಂಗಸರು ಕಿರುಚಿದ ಕಿರುಚಾಟಕ್ಕೆ ಅಂಪೈರ್ ಆಟ ನಿಲ್ಲಿಸಿದ.

ಆಮೇಲೆ ಬಂದ ಚೆಂಡುಗಳನ್ನು ಅವಳು ಬಿಟ್ಟಳು. ಒಂದು ಬೆರಳ ತುದಿಗೆ ತಾಗಿ ಜಾರಿತು, ಇನ್ನೊಂದು ಎದೆಗೆ ಬಡಿದು ಉರುಳಿತು, ಕೊನೆಯದು ಕೈಗೆ ಬಂದು ನೆಲಕ್ಕೆ ಬಿತ್ತು. ಕಪ್ ಡೆಟ್ರಾಯಿಟಿನವರದಾಯಿತು. ಅವಳು ನನ್ನ ಹತ್ತಿರ ನಡೆದು ಬಂದಳು. ಅಳುತ್ತಾಳೆ, ಏನು ಹೇಳಲಿ ಎಂದು ನಾನು ಮಾತು ಹುಡುಕುತ್ತಿದ್ದೆ.

"ಅಕ್ಕ," ಎಂದಳು. "ಒಂದು ಹಿಡಿದೆ. ನೋಡಿದ್ರಾ?"

"ನೋಡಿದೆ," ಎಂದೆ.

ಅಧ್ಯಕ್ಷರು ಅಲ್ಲಿಯೇ, ಜಿಮ್ಮಿನ ಬಾಗಿಲಲ್ಲೇ, ಮುಂದಿನ ಭಾನುವಾರದಿಂದ ಸೀಟಿಯವನು ಬರುತ್ತಾನೆಂದು ತಿಳಿಸಿದರು. ತಮಗೂ ಬೇಸರವಿದೆ ಎಂದರು. ನನಗಿಲ್ಲ ಎಂದೆ. ಬೇಸರವಿತ್ತು, ಅವರಿಗೆ ಹೇಳುವ ಅಗತ್ಯವಿರಲಿಲ್ಲ.

ಎಲ್ಲರೂ ಊಟದ ಹಾಲಿಗೆ ಹೋದ ಮೇಲೆ ನಾನು ಬಲೆ ಬಿಚ್ಚಲು ಕೈಹಾಕಿದೆ. ಡೆಟ್ರಾಯಿಟ್ ತಂಡದ ನಾಲ್ಕೈದು ಹೆಂಗಸರು ಬೆಂಚಿನಲ್ಲೇ ಕೂತಿದ್ದರು. ಜರ್ಸಿಯ ಮಡಿಕೆ ಕೂಡ ಮುರಿದಿರಲಿಲ್ಲ. ಅವರಲ್ಲೊಬ್ಬಳು ಎದ್ದು ಬಂದಳು, ನನ್ನ ವಯಸ್ಸಿನವಳೇ.

"ಬಲೆ ಬಿಚ್ಚಬೇಡಿ ಆಂಟಿ," ಎಂದಳು. ಆಂಟಿ ಎಂದದ್ದನ್ನು ಕ್ಷಮಿಸಿದೆ. "ನಾವು ಪ್ರತಿ ವರ್ಷ ಬರ್ತೀವಿ, ಕೂತ್ಕೊಂಡು ಹೋಗ್ತೀವಿ. ನಮ್ಮನ್ನೂ ಒಂದು ಆಟ ಆಡಿಸ್ತೀರಾ?"

"ನನ್ನ ಈಗಷ್ಟ ತೆಗದಾರಮ್ಮ. ನಾನೀಗ ಕೋಚ್ ಅಲ್ಲ."

"ಯಾಕೆ ತೆಗೆದ್ರು ಅಂತ ಕೇಳಿಸ್ಕೊಂಡ್ವಿ. ಅದಕ್ಕೇ ನಿಮ್ಮನ್ನ ಕೇಳ್ತಿರೋದು."

ಊಟಕ್ಕೆ ಹೋಗಿದ್ದ ನಮ್ಮವರನ್ನೂ ಕರೆಸಿ ಆಡಿದೆವು. ಅವರ ಬೆಂಚು, ನಮ್ಮ ಬೆಂಚು, ಎರಡೂ ಬೆರೆತು ಎರಡು ತಂಡ. ದಾವಣಗೆರೆಯವಳು ಹಿಡಿದದ್ದಕ್ಕಿಂತ ಬಿಟ್ಟದ್ದೇ ಹೆಚ್ಚು, ಅವರಲ್ಲಿ ಅವಳಿಗಿಂತ ಬಿಡುವವರಿದ್ದರು. ಮಗಳೂ ಇಳಿದಳು. ನನ್ನನ್ನು ಹುಡುಕಿಕೊಂಡು ಬಂದ ಯಜಮಾನರು ಅಭ್ಯಾಸಬಲದಿಂದ ಪೆನ್ನು ತೆಗೆದು ಪಾಯಿಂಟು ಬರೆಯತೊಡಗಿದರು. ಯಾರು ಯಾವ ತಂಡವೆಂದು ತಿಳಿಯದೆ ಸ್ವಲ್ಪ ಹೊತ್ತಿಗೇ ನಿಲ್ಲಿಸಿ, ಗೆರೆಯಾಚೆ ಬಿದ್ದ ಚೆಂಡು ಹೆಕ್ಕಿ ಕೊಡತೊಡಗಿದರು.

ಮನೆಗೆ ಬಂದ ಮರುದಿನ ನಾನು ದಪ್ಪ ಮಾರ್ಕರ್ ಹಿಡಿದು ಬೇಸ್‌ಮೆಂಟಿಗೆ ಇಳಿದೆ. ಕೋಚ್‌ಗಳ ಪಟ್ಟಿಯ ಕೊನೆಯಲ್ಲಿ, ಆ ದಂಡಪಿಂಡದ ಕೆಳಗೆ, ನನ್ನ ಹೆಸರು ಬರೆದೆ. ಯಜಮಾನರು ಹೌಹಾರಿದರು.

"ಏ, ಇದು ಫುಟ್‌ಬಾಲ್ ಪಟ್ಟಿ ಕಣೇ."

"ಇರಲಿ. ಅಂವಗೂ ಒಬ್ಬನ ಕೂತು ಬ್ಯಾಸರ ಆಗಿರ್ತೈತಿ."

ಅವರು ಪಟ್ಟಿಯ ಹತ್ತಿರ ಬಂದರು. ನನ್ನ ಹೆಸರಿನ ಪಕ್ಕ ಗೆಲುವಿನ ಕಾಲಂ ಖಾಲಿಯಿತ್ತು. ಖಾಲಿ ಕಾಲಂ ಕಂಡರೆ ಅವರಿಗೆ ತಡೆಯಲಾಗದು. ಮಾರ್ಕರ್ ತೆಗೆದುಕೊಂಡು, "ಇಲ್ಲೇನು ಬರೀಲಿ?" ಎಂದರು.

"ಎಲ್ಲಾರೂ ಆಡಿದ್ರು ಅಂತ ಬರೀರಿ."

"ಅಷ್ಟು ಜಾಗ ಇಲ್ಲ."

"ಸಣ್ಣಗ ಬರೀರಿ," ಎಂದೆ.

ಗೊಣಗುತ್ತಲೇ ಕನ್ನಡಕ ಏರಿಸಿಕೊಂಡು, ಗೋಡೆಗೆ ಮೂಗು ತಾಗಿಸಿ, ಬರೆದರು.