ಉಳಿದ ಕಥೆ ಬೆಳ್ಳಿತೆರೆಯ ಮೇಲೆ

ನನ್ನ ಕನ್ನಡಕದ ಡಬ್ಬಿಯಲ್ಲಿ, ಗಾಜು ಒರೆಸುವ ಬಟ್ಟೆಯ ಕೆಳಗೆ, ನಾಲ್ಕಾಗಿ ಮಡಚಿದ ಒಂದು ಗುಲಾಬಿ ಬಣ್ಣದ ಕಾಗದವಿದೆ. ಈರುಳ್ಳಿಯ ಮೇಲ್ಸಿಪ್ಪೆಯಷ್ಟು ತೆಳು, ಬಿಚ್ಚಿದರೆ ಅದರಂತೆಯೇ ಸರಸರ ಸದ್ದು. ಅಚ್ಚಾಗಿರುವುದು ಒಂದೇ ಮಗ್ಗುಲು. ಅಜ್ಜಂಪುರದ ಹೊರಗೆ ಡೇರೆ ಹಾಕುತ್ತಿದ್ದ ಟೂರಿಂಗ್ ಟಾಕೀಸಿಗೆ, ಎಸ್ಸೆಸ್ಸೆಲ್ಸಿ ಮುಗಿಸಿದ ಹೊಸದರಲ್ಲಿ, ನಾನು ಬರೆದುಕೊಡುತ್ತಿದ್ದ ಕರಪತ್ರಗಳಲ್ಲಿ ಉಳಿದಿರುವುದು ಇದೊಂದೇ. ಇದರಲ್ಲಿ ಒಬ್ಬ ಅಣ್ಣ ಕಾಣೆಯಾದ ತಂಗಿಯನ್ನು ಹುಡುಕುತ್ತಾ ಊರೂರು ಅಲೆದು, ಕೊನೆಗೆ ಮಳೆಯಲ್ಲಿ ನೆನೆಯುತ್ತಾ ಒಂದು ಮನೆಯ ಬಾಗಿಲು ತಟ್ಟುತ್ತಾನೆ. ಅಷ್ಟಕ್ಕೆ ಕಾಗದ ಮುಗಿಯುತ್ತದೆ. “ಬಾಗಿಲು ತೆರೆದವರು ಯಾರು? ಉಳಿದ ಕಥೆಯನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿರಿ.”

ನನಗೆ ಬರವಣಿಗೆ ಕಲಿಸಿದ್ದು ಆ ಕೊನೆಯ ಸಾಲು. ಎಲ್ಲಿಯವರೆಗೆ ಹೇಳಬೇಕು, ಎಲ್ಲಿ ನಾಲಿಗೆ ಕಚ್ಚಿಕೊಳ್ಳಬೇಕು ಎಂಬುದಷ್ಟೇ ನನ್ನ ವಿದ್ಯೆ. ಎತ್ತಿನ ಗಾಡಿಯ ಮೇಲೆ ಕೂತು, ತಗಡಿನ ತುತ್ತೂರಿಯಲ್ಲಿ ಕಥೆಯನ್ನು ಅರ್ಧ ಕೂಗಿ, ಕರಪತ್ರ ತೂರುತ್ತಾ ಹೋಗುತ್ತಿದ್ದೆ. ಪೇಟೆ ಬೀದಿಯಲ್ಲಿ ಬೀಜದ ಅಂಗಡಿ ಇಟ್ಟಿದ್ದ ನನ್ನ ಗೆಳೆಯ ಮರುಳಪ್ಪನಿಗೆ ಆಗಷ್ಟೇ ಮದುವೆಯಾಗಿತ್ತು. ಅವನ ಹೆಂಡತಿ ಗೌರಮ್ಮ ಬಾಗಿಲ ಸಂದಿಯಿಂದ ಇಣುಕಿ, “ರಂಗಣ್ಣ, ಕೊನೇಲಿ ಏನಾಗ್ತೈತೆ ಹೇಳ್ಬಿಟ್ಟು ಹೋಗಪ್ಪ, ನಮ್ಮತ್ತೆ ಟೆಂಟಿಗೆ ಕಳ್ಸಲ್ಲ” ಎನ್ನುತ್ತಿದ್ದಳು. “ಹೇಳ್ಬಿಟ್ರೆ ನನ್ ಕೆಲ್ಸ ಹೋಯ್ತದೆ ಕಣವ್ವ” ಎಂದು ನಗುತ್ತಾ ನಾನು ಗಾಡಿ ಮುಂದಕ್ಕೆ ಹೊಡೆಸುತ್ತಿದ್ದೆ. ಒಂದು ಸಲವಾದರೂ ಗಾಡಿ ನಿಲ್ಲಿಸಿ ಹೇಳಬಹುದಿತ್ತು.

ಟೆಂಟು ಹೋಯಿತು, ಗಾಡಿ ಹೋಯಿತು, ನನ್ನ ವಿದ್ಯೆ ಮಾತ್ರ ತುಕ್ಕು ಹಿಡಿಯದೆ ಒಳಗೆಲ್ಲೋ ಕಾದು ಕೂತಿತ್ತೆಂದು ಕಾಣುತ್ತದೆ. ಮೂರು ವರ್ಷದ ಹಿಂದೆ ತರೀಕೆರೆಯ ಸೌಮ್ಯ ಎಂಬ ಹುಡುಗಿ ಹಳೆಯ ಟೆಂಟ್ ಸಿನಿಮಾದ ಬಗ್ಗೆ ಕೇಳಿಕೊಂಡು ನನ್ನ ಹತ್ತಿರ ಬಂದಳು. ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಈ ಸೀಮೆಯ ಸುದ್ದಿಗಳನ್ನು ಇಂಟರ್ನೆಟ್ಟಿನಲ್ಲಿ ಹಾಕುವವಳು. ಈ ಗುಲಾಬಿ ಕಾಗದ ಓದಿ ನಕ್ಕಳು. “ತಾತ, ಇವತ್ತು ನಾವೆಲ್ಲಾ ಮಾಡ್ತಿರೋದು ಇದನ್ನೇ ಅಲ್ವಾ! ನಂಗೆ ಹೆಡ್ಡಿಂಗ್ ಬರ್ದು ಕೊಡ್ತೀರಾ?”

ಬೆಳಿಗ್ಗೆ ಅವಳು ಫೋನಿಗೆ ಸುದ್ದಿ ಕಳಿಸುತ್ತಿದ್ದಳು, ನಾನು ಕಾಫಿ ಆರುವುದರೊಳಗೆ ತಲೆಬರಹ ಕಳಿಸುತ್ತಿದ್ದೆ. ಲಕ್ಕವಳ್ಳಿ ಅಣೆಕಟ್ಟಿನ ಮೇಲೆ ನೀರುನಾಯಿಯೊಂದು ಬಿಸಿಲು ಕಾಯಿಸಿದರೆ, “ಅಣೆಕಟ್ಟಿನ ಮೇಲೆ ಮಲಗಿದ್ದವನು ಯಾರು? ಸಿಬ್ಬಂದಿಯೇ ದಂಗು!” ಹೆಬ್ಬೆ ಜಲಪಾತದ ಹಾದಿಯಲ್ಲಿ ಆಮೆ ಅಡ್ಡ ಬಂದು ಜೀಪು ನಿಂತರೆ, “ಜೀಪುಗಳನ್ನೇ ತಡೆದು ನಿಲ್ಲಿಸಿದ ಆ ಗಟ್ಟಿಗ!” ಸಂಜೆ ಸೌಮ್ಯ ಫೋನ್ ಮಾಡಿ, “ತಾತ, ಜನ ಮುಗಿಬಿದ್ದವ್ರೆ” ಎಂದಾಗ, ಒಂಟಿ ಕೋಣೆಯಲ್ಲಿ ಒಬ್ಬನಿಗೇ ಅನ್ನ ಬೇಯಿಸಿಕೊಳ್ಳುವ ನನಗೆ, ಇಡೀ ಟೆಂಟು ಮತ್ತೆ ಭರ್ತಿಯಾದಂತೆ ಅನ್ನಿಸುತ್ತಿತ್ತು. ಯಾರೂ ಮಾತಾಡಿಸದೆ ದಿನಗಟ್ಟಲೆ ಕಳೆದವನಿಗೆ ಜನ ತನ್ನ ಮಾತಿಗೆ ತಿರುಗಿ ನೋಡುತ್ತಾರೆಂಬ ರುಚಿ ಹತ್ತಿದರೆ, ಅದನ್ನು ಬಿಡಿಸುವುದು ಕಷ್ಟ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ.

ಗೌರಮ್ಮನಿಗೆ ಈಚೆಗೆ ಮರೆವು. ಒಂದು ಬೆಳಿಗ್ಗೆ ಮನೆಯಿಂದ ಹೊರಟವಳು ಯಾವುದೋ ಬಸ್ಸು ಹತ್ತಿ ಬೀರೂರಿನಲ್ಲಿ ಇಳಿದು, ಊರ ಹೆಸರೂ ನೆನಪಾಗದೆ ನಿಲ್ದಾಣದಲ್ಲಿ ಕೂತುಬಿಟ್ಟಳು. ಅಲ್ಲಿ ಕಡಲೆಕಾಯಿ ಮಾರುವ ಹೆಂಗಸೊಬ್ಬಳು ತನ್ನ ವ್ಯಾಪಾರ ಬಿಟ್ಟು, ತನ್ನ ಬುತ್ತಿಯ ರೊಟ್ಟಿಯನ್ನೇ ಮುರಿದುಕೊಟ್ಟು, ಸಂಜೆ ಅಜ್ಜಂಪುರದ ಪರಿಚಯದವರೊಬ್ಬರು ಗುರುತು ಹಿಡಿಯುವ ತನಕ ಅವಳ ಕೈ ಬಿಡದೆ ಕೂತಿದ್ದಳು. ಆ ತಾಯಿಗೆ ನಾಲ್ಕು ಜನರ ಮುಂದೆ ಕೃತಜ್ಞತೆ ಹೇಳಬೇಕೆಂದು ಮರುಳಪ್ಪ ನನ್ನ ಹತ್ತಿರವೇ ಬಂದ. ನಾನು ಸೌಮ್ಯಳ ನಂಬರು ಕೊಟ್ಟೆ. ಹೆಂಡತಿಯ ಫೋಟೋವನ್ನು ಅವನೇ ಕಳಿಸಿದ.

ಮರುದಿನ ಆ ಫೋಟೋದ ಮೇಲೆ ನನ್ನ ತಲೆಬರಹವಿತ್ತು: “ಬೆಳಗಿನ ಬಸ್ಸಿಗೆ ಮನೆ ಬಿಟ್ಟ ಅಜ್ಜಿ! ಸಂಜೆಯವರೆಗೂ ಜೊತೆಗಿದ್ದವರು ಯಾರು ಗೊತ್ತೇ?”

ನಾನೂ ಮರುಳಪ್ಪನೂ ಐವತ್ತು ವರ್ಷದಿಂದ ಸಂಜೆ ಹೊತ್ತು ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂರುವವರು. ಅವತ್ತು ಅವನು ಬಂದು ನಿಂತೇ ಇದ್ದ. ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದರ ಮೇಲೆ ಬಿಳಿ ಗಡ್ಡದ ಕೂಳೆ ಹಾಗೇ ಇತ್ತು.

“ಲೇ ರಂಗ, ಇದು ನೀನ್ ಬರ್ದಿದ್ದಾ?”

“ಒಳಗೆಲ್ಲಾ ಸರಿಯಾಗೈತೆ ಕಣೋ, ಒತ್ತಿ ನೋಡು.”

“ಒತ್ತಿ ನೋಡೋರು ಯಾರೋ? ಕಟಿಂಗ್ ಶಾಪ್ನಲ್ಲಿ ಕೇಳ್ತಾರೆ, ‘ಏನ್ ಮರುಳಪ್ನೋರೇ, ಅಜ್ಜಿ ವಾಪಸ್ ಬಂದ್ರಂತೆ, ಜೊತೇಲಿದ್ದೋರು ಯಾರಂತೆ?’ ಅಂತ. ಎಲ್ರೂ ನಕ್ರು. ಅರ್ಧಕ್ಕೇ ಎದ್ದು ಬಂದೆ.”

“ಆ ಹುಡುಗಿ ಬರ್ಸಿದ್ಲು ಕಣೋ, ನಾನೇನ್ ಮಾಡ್ಲಿ?” ಎಂದೆ.

ಅವನು ಹೊರಟುಹೋದ. ಆ ಬೆಂಚಿಗೆ ಮತ್ತೆ ಬಂದಿಲ್ಲ.

ಗೆಳೆಯರೇ, ಆ ಹುಡುಗಿ ಬರೆಸಲಿಲ್ಲ. ನಾನು ಮೊದಲು ಕಳಿಸಿದ್ದು “ದಾರಿ ತಪ್ಪಿದ್ದ ಗೌರಮ್ಮನನ್ನು ಕಾಪಾಡಿದ ಕಡಲೆಕಾಯಿ ಮಾರುವ ತಾಯಿ” ಎಂದು. ಸೌಮ್ಯ “ಚೆನ್ನಾಗೈತೆ ತಾತ” ಎಂದು ಒಪ್ಪಿದ್ದಳು. ಅರ್ಧ ಗಂಟೆ ಕಳೆದ ಮೇಲೆ ನಾನಾಗಿಯೇ ಫೋನ್ ಮಾಡಿ, ಇದರಲ್ಲಿ ಎಲ್ಲವನ್ನೂ ಹೇಳಿಬಿಟ್ಟಿದ್ದೇನೆ, ಬದಲಾಯಿಸು ಎಂದೆ. ಜನ ಮುಗಿಬಿದ್ದರೆಂದು ಅವಳು ಸಂಜೆ ಮಾಡುವ ಆ ಒಂದು ಫೋನಿಗಾಗಿ. ಮರುಳಪ್ಪನ ಬೇಸರ ತಿಳಿದ ಗಳಿಗೆಯಲ್ಲೇ ಅವಳು ತಲೆಬರಹ ತಿದ್ದಿ ಕ್ಷಮೆ ಕೇಳಿದಳು. ತಪ್ಪು ಮಾಡಿದ ನಾನು ಅವಳ ಹೆಸರಿನ ಹಿಂದೆ ಅಡಗಿ ಕೂತೆ.

ಖಾಲಿ ಬೆಂಚಿನ ಮೇಲೆ ಒಬ್ಬನೇ ಕೂತು ಎಷ್ಟೋ ಸಂಜೆ ಯೋಚಿಸಿದ್ದೇನೆ. ಆಗಲೂ ಬಚ್ಚಿಟ್ಟೆ, ಈಗಲೂ ಬಚ್ಚಿಟ್ಟೆ, ಹಾಗಾದರೆ ಆಗ ಯಾರಿಗೂ ಯಾಕೆ ನೋಯಲಿಲ್ಲ? ಟೆಂಟಿನಲ್ಲಿ ನಾವು ಬೆಳಿಗ್ಗೆ ಹಾಕಿದ ಗಂಟನ್ನು ಸಂಜೆ ನಾವೇ ಬಿಚ್ಚುತ್ತಿದ್ದೆವು, ಬಂದವರು ಕಥೆ ಪೂರ್ತಿ ನೋಡಿ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದರು. ಫೋನಿನ ಮೇಲೆ ಸರಿಯುವ ಬೆರಳಿಗೆ ಅಷ್ಟು ಪುರಸೊತ್ತಿಲ್ಲ. ಗಂಟು ಹಾಗೇ ಉಳಿಯುತ್ತದೆ, ಉಳಿದ ಕಥೆಯನ್ನು ಅವರವರ ಮನಸ್ಸಿಗೆ ತೋಚಿದಂತೆ ಅವರೇ ಕಟ್ಟಿಕೊಳ್ಳುತ್ತಾರೆ. ಆದರೂ ನಿಜ ಹೇಳಬೇಕೆಂದರೆ, ಬಾಗಿಲ ಸಂದಿಯಲ್ಲಿ ನಿಂತು ಕೇಳಿದ ಒಬ್ಬಳಿಗೆ ಆಗಲೂ ನಾನು ಗಂಟು ಬಿಚ್ಚಿರಲಿಲ್ಲ. ಎರಡು ಸಲವೂ ಅವಳೇ ಸಿಕ್ಕಿದಳಲ್ಲ ಎಂದು ನೆನೆದಾಗ ತಲೆ ತಗ್ಗುತ್ತದೆ.

ಹೋದ ವಾರ ಮಧ್ಯಾಹ್ನ ಹೋಗಿ ಆ ಬಾಗಿಲು ತಟ್ಟಿದೆ. ತೆರೆದವನು ಮರುಳಪ್ಪ. ನನ್ನನ್ನು ನೋಡಿ, ತಿರುಗಿ ಅಡುಗೆಮನೆಗೆ ಹೋದ. ಬಾಗಿಲನ್ನಂತೂ ಹಾಕಲಿಲ್ಲ. ನಡುಮನೆಯ ಕುರ್ಚಿಯಲ್ಲಿ ಕೂತಿದ್ದ ಗೌರಮ್ಮ ಮುಖವೆತ್ತಿ ನನ್ನನ್ನೇ ನೋಡಿದಳು. ಮಕ್ಕಳ ಹೆಸರನ್ನೂ ಒಮ್ಮೊಮ್ಮೆ ಮರೆಯುವವಳು.

“ರಂಗಣ್ಣ! ಈ ವಾರ ಯಾವ್ ಫಿಲಂ ಬಂದೈತಪ್ಪ?”

ಡಬ್ಬಿಯಿಂದ ಗುಲಾಬಿ ಕಾಗದ ತೆಗೆದು ಓದಿದೆ. ಅಣ್ಣ ಬಾಗಿಲು ತಟ್ಟಿದಲ್ಲಿಗೆ ನನ್ನ ದನಿ ನಿಂತಿತು.

“ಕೊನೇಲಿ ಏನಾಗ್ತೈತೆ?”

ಹೇಳಿದೆ. ಮಳೆ, ಕಂದೀಲು, ತಂಗಿ, ಯಾವುದನ್ನೂ ಬಿಡಲಿಲ್ಲ. ಆಮೇಲೆ ಬೀರೂರಿನ ಕಥೆಯನ್ನೂ, ರೊಟ್ಟಿ ಮುರಿದುಕೊಟ್ಟ ತಾಯಿಯನ್ನೂ ಹೇಳಿ, ಅಡುಗೆಮನೆಗೆ ಕೇಳಿಸುವಷ್ಟು ದನಿಯೇರಿಸಿ, “ಆ ಹೆಡ್ಡಿಂಗ್ ನಾನೇ ಬದಲಾಯಿಸ್ದೆ ಗೌರವ್ವ. ಆ ಹುಡುಗಿ ಅಲ್ಲ. ತಪ್ಪು ನಂದೇ” ಎಂದೆ. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು.

“ಒಳ್ಳೆ ಕಥೆ ಕಣಪ್ಪ” ಎಂದಳು ಗೌರಮ್ಮ. ಎರಡು ನಿಮಿಷ ಬಿಟ್ಟು, “ರಂಗಣ್ಣ, ಈ ವಾರ ಯಾವ್ ಫಿಲಂ?” ಎಂದಳು.

ಮರುಳಪ್ಪ ಬಾಗಿಲ ಬಳಿ ಬಂದು, ನನ್ನ ಮುಖ ನೋಡದೆ, ಹೆಗಲ ಟವೆಲಿಗೆ ಕೈ ಒರೆಸುತ್ತಾ ಹೇಳಿದ: “ಅವ್ಳು ದಿನಾ ಕೇಳ್ತಾಳೆ. ದಿನಾ ಬಂದು ಮೊದ್ಲಿಂದ ಹೇಳ್ಬೇಕು ನೀನು.”

ದಿನವೂ ಹೋಗುತ್ತೇನೆ. ಅವನು ಅಡುಗೆಮನೆಯಲ್ಲೇ ಇರುತ್ತಾನೆ. ಸಂಜೆಯ ಬೆಂಚಿನಲ್ಲಿ ಅವನ ಜಾಗ ಇನ್ನೂ ಖಾಲಿ. ನನಗೂ ವಯಸ್ಸಾಯಿತು, ನಾಳೆ ನಾನೂ ಮರೆತರೆ ಅವಳಿಗೆ ಓದಿ ಹೇಳುವವರಿಗೆ ಬೇಕಾದೀತೆಂದು ಗುಲಾಬಿ ಕಾಗದದ ಖಾಲಿ ಮಗ್ಗುಲಲ್ಲಿ ಉಳಿದ ಕಥೆಯನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಮೊದಲ ಸಾಲಿನಲ್ಲೇ ಎಲ್ಲ ಇದೆ: ಬಾಗಿಲು ತೆರೆದವಳು ತಂಗಿಯೇ, ಅಣ್ಣನನ್ನು ನೋಡಿದ ಕೂಡಲೇ ಗುರುತು ಹಿಡಿದಳು.