ಗುಳಿಗೆಯ ಬೆನ್ನು ಹತ್ತಿದ ತಂಗಿ

ನನ್ನ ತಂಗಿ ಚಳ್ಳಕೆರೆಯ ಮೆಡಿಕಲ್ ಶಾಪೊಂದರಲ್ಲಿ ಫಾರ್ಮಸಿಸ್ಟ್. ಈ ಘಟನೆ ನಡೆದಾಗ ಆಗಷ್ಟೇ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಳು, ಅಲ್ಲೇ ಬಾಡಿಗೆ ಕೋಣೆಯಲ್ಲಿದ್ದಳು. ಕೆಂಪು ಹೆಲ್ಮೆಟ್ ಹಾಕಿ, ದುಪಟ್ಟಾವನ್ನು ಹೆಗಲಿಗೆ ಕಟ್ಟಿಕೊಂಡು ಸ್ಕೂಟರ್ ಓಡಿಸುತ್ತಿದ್ದುದರಿಂದ ಆ ಬೀದಿಯ ಮಕ್ಕಳು ಅವಳನ್ನು ಟೀವಿಯಲ್ಲಿ ಹಾರಾಡುವ ಸೂಪರ್ ಹೀರೋಗಳ ಸಾಲಿಗೆ ಸೇರಿಸಿಬಿಟ್ಟಿದ್ದರು. ನಾವೆಲ್ಲ ನಕ್ಕಿದ್ದೆವು. ಅವ್ವನ ಗುಳಿಗೆಯ ಪ್ರಕರಣ ನಡೆದ ಮೇಲೆ ನನಗೇಕೋ ಮಕ್ಕಳ ಮಾತು ತಪ್ಪೆನಿಸಿಲ್ಲ.

ಅವ್ವ ಮೊಳಕಾಲ್ಮುರಿನಲ್ಲಿ ನನ್ನ ಜೊತೆ ಇದ್ದಾಳೆ. ಅವಳಿಗೆ ಮೊದಲಿನಿಂದಲೂ ಮೂರ್ಛೆ ರೋಗ. ದಿನಾ ಗುಳಿಗೆ ನುಂಗುತ್ತ ವರ್ಷಗಟ್ಟಲೆ ಚೆನ್ನಾಗಿಯೇ ಇದ್ದಳು. ಒಂದು ಬೇಸಿಗೆಯಲ್ಲಿ ಹಳೆಯ ಕಂಪನಿಯ ಗುಳಿಗೆ ಸಿಗದಂತಾಗಿ, ತಂಗಿಯ ಅಂಗಡಿಯಿಂದ ಅದೇ ಔಷಧಿ ಬೇರೊಂದು ಕಂಪನಿಯದು ಬಂತು. ಕೆಲವೇ ದಿನಗಳಲ್ಲಿ ಅವ್ವ ರೊಟ್ಟಿ ತಟ್ಟುತ್ತಿದ್ದವಳು ಒಲೆಯ ಪಕ್ಕ ಬಿದ್ದು ಕೈ ಸುಟ್ಟುಕೊಂಡಳು. ಆಮೇಲೆ ಬಚ್ಚಲಲ್ಲಿ ಬಿದ್ದಳು. ಗುಳಿಗೆ ತಪ್ಪಿಸಿರಬೇಕು ಎಂದರು ಡಾಕ್ಟರು. ಇಲ್ಲವೆಂದು ಹೇಳುತ್ತ ಅವ್ವ ಅಳುವಂತಾದಳು.

ಭಾನುವಾರ ಬಂದ ತಂಗಿ ಅವ್ವನ ಕೈಗೆ ಮುಲಾಮು ಹಚ್ಚಿ, ಹಿತ್ತಲಿಗೆ ಬಂದು ನನಗೆ ಹೇಳಿದಳು:

"ಅವ್ವ ಸುಳ್ಳು ಹೇಳಲ್ಲಕ್ಕ. ಗುಳಿಗೇನೇ ಸುಳ್ಳು ಹೇಳ್ತೈತೆ ಅನ್ಸುತ್ತೆ."

ಡಬ್ಬಿಯ ತಳದಲ್ಲಿ ಹಳೆಯ ಗುಳಿಗೆ ಒಂದೆರಡು ಉಳಿದಿದ್ದವು. ಹಳೆಯದೊಂದು, ಹೊಸದೊಂದು, ಎರಡು ಲೋಟದ ಉಗುರುಬೆಚ್ಚಗಿನ ನೀರಿಗೆ ಹಾಕಿದಳು. ನಾವು ಚಹಾ ಕುಡಿಯುವಷ್ಟರಲ್ಲಿ ಹಳೆಯದು ಕರಗಿ ನೀರು ಮಬ್ಬಾಯಿತು. ಹೊಸದು ಸಂಜೆಯವರೆಗೂ ಹುಣಿಸೆ ಬೀಜದಂತೆ ತಳದಲ್ಲಿ ಕೂತಿತ್ತು. ಸಿಕ್ಕಿಬಿತ್ತಲ್ಲ ಎಂದು ನಾನು ಹಿಗ್ಗಿದರೆ, ಅಡುಗೆಮನೆಯ ಲೋಟ ಲ್ಯಾಬ್ ಆಗುವುದಿಲ್ಲ, ಇದನ್ನು ಯಾರೂ ಒಪ್ಪುವುದಿಲ್ಲ ಎಂದಳು. ಮರುದಿನವೇ ಡಾಕ್ಟರಿಗೆ ವಿಷಯ ತಿಳಿಸಿದಳು. ಅವರು ಸಿಟ್ಟಾಗಲಿಲ್ಲ. ಅವ್ವನಿಗೆ ಇನ್ನೊಂದು ಕಂಪನಿಯ ಗುಳಿಗೆ ಬರೆದುಕೊಟ್ಟು, ಬೇರೆ ರೋಗಿಗಳನ್ನೂ ವಿಚಾರಿಸುತ್ತೇನೆ ಎಂದರು.

ತಂಗಿಗೆ ಅಷ್ಟು ಸಾಲಲಿಲ್ಲ. ತನ್ನ ಅಂಗಡಿಯಿಂದ ಅದೇ ಗುಳಿಗೆ ಒಯ್ದವರನ್ನು ಹುಡುಕಿಕೊಂಡು ಹೊರಟಳು. ಎರಡು ಭಾನುವಾರ ನಾನೂ ಸ್ಕೂಟರಿನ ಹಿಂದೆ ಕೂತು ಹೋದೆ. ನನ್ನಿವಾಳ ಹಳ್ಳಿಯಲ್ಲಿ ಕೂಲಿಗೆ ಹೋಗುವ ಹೆಂಗಸೊಬ್ಬಳು ಮತ್ತೆ ಫಿಟ್ಸ್ ಶುರುವಾಗಿ ಮನೆ ಹಿಡಿದಿದ್ದಳು. ರಾಂಪುರದ ಅಜ್ಜಿಯೊಬ್ಬರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ತಮ್ಮ ಮಗನ ಕಥೆ ಹೇಳಿದರು. ಅವನಿಗೂ ಆ ಬೇಸಿಗೆಯಿಂದಲೇ ಮೂರ್ಛೆ ತಿರುಗಿ ಬಂದಿತ್ತು. ತಂಗಿ ಯಾರನ್ನೂ ಹೆದರಿಸಲಿಲ್ಲ. ಗುಳಿಗೆಯನ್ನು ತಟ್ಟನೆ ನಿಲ್ಲಿಸಬಾರದು, ಡಾಕ್ಟರಿಗೆ ತೋರಿಸಿ ಬದಲಾಯಿಸಿಕೊಳ್ಳಬೇಕು ಎಂದು ಪ್ರತಿ ಮನೆಯಲ್ಲೂ ತಾಳ್ಮೆಯಿಂದ ಹೇಳಿದಳು.

ಅಂಗಡಿಯ ಮಾಲೀಕರು ವಯಸ್ಸಾದ ಸಾಹೇಬರು, ಅವಳು ಚಾಚಾ ಎಂದೇ ಕರೆಯುತ್ತಿದ್ದಳು. ಅವಳು ಹೇಳಿದ್ದನ್ನು ಕೇಳಿ ಅವರು ಎದ್ದು, ಆ ಗುಳಿಗೆಯನ್ನೆಲ್ಲ ತೆಗೆದು ಬೇರೆಯಾಗಿ ಇಟ್ಟರಂತೆ. ಮಾರಾಟ ನಿಲ್ಲಿಸಿದ ಸುದ್ದಿ ತಿಳಿದು, ವಾರದೊಳಗೆ ಆ ಗುಳಿಗೆಯ ಕಂಪನಿಯ ಮ್ಯಾನೇಜರ್ ಕಾರಿನಲ್ಲಿ ಬಂದ. ಆ ದಿನ ನಾನು ಅಂಗಡಿಯಲ್ಲಿದ್ದೆ. ಮೊದಲು ಬಹಳ ನಯವಾಗಿ, ಇಂಥ ಚುರುಕಿನ ಹುಡುಗಿಗೆ ನಮ್ಮಲ್ಲೇ ಒಳ್ಳೆಯ ಕೆಲಸವಿದೆ ಎಂದ. ಬಳಿಕ, ಈ ಮಾಲನ್ನೆಲ್ಲ ವಾಪಸ್ ಒಯ್ದು ಹೊಸದು ಕೊಡುತ್ತೇನೆ, ಇಲ್ಲಿಗೆ ಮುಗಿಸಿಬಿಡಿ ಎಂದ.

"ಅಂಗಡೀದು ಒಯ್ತೀರಿ ಸರ್. ಜನರ ಮನೇಲಿ ಇರೋದನ್ನ ಯಾರು ಒಯ್ಯೋರು?" ಎಂದಳು ತಂಗಿ.

ಅವನ ದನಿ ಬದಲಾಯಿತು. ಬಿಸಿಲಲ್ಲಿಟ್ಟು ಗುಳಿಗೆ ಕೆಡಿಸಿದ್ದು ನೀವೇ, ಅಂಗಡಿಯ ಲೈಸೆನ್ಸಿಗೇ ಕುತ್ತು ಬರುತ್ತದೆ ಎಂದ. ಅವಳು ಕಪಾಟಿನ ಕಡೆ ಕೈ ತೋರಿಸಿದಳು. ಅದೇ ಖಾನೆಯಲ್ಲಿ, ಅದೇ ಬಿಸಿಲಲ್ಲಿ, ಬೇರೆ ಕಂಪನಿಯ ಗುಳಿಗೆಯೂ ಇತ್ತು, ಅದು ಯಾಕೆ ಕೆಟ್ಟಿಲ್ಲ ಎಂದು ಕೇಳಿದಳು. ಮ್ಯಾನೇಜರ್ ಚಾಚಾರ ಕಡೆ ತಿರುಗಿ, ನೀವೇನು ಹೇಳುತ್ತೀರಿ ಎಂದ.

"ಬೇಟಿ ಹೇಳಿದ್ದೇ ನನ್ನ ಮಾತು," ಎಂದರು ಅವರು. "ನೀವಿನ್ನು ಹೊರಡ್ರಿ."

ಮರುದಿನ ಅವಳು ಚಿತ್ರದುರ್ಗಕ್ಕೆ ಹೋಗಿ ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಟ್ಟಳು. ಅಧಿಕಾರಿಯೊಬ್ಬರು ಬಂದು ಗುಳಿಗೆಗಳನ್ನು ಸೀಲು ಮಾಡಿ ಪರೀಕ್ಷೆಗೆ ಕಳಿಸಿದರು. ಕಾದದ್ದೇ ಕಾದದ್ದು, ಮಳೆಗಾಲ ಕಳೆಯಿತು. ಈ ನಡುವೆ ಅಂಗಡಿಗೆ ಮಾಲು ಕಳಿಸುತ್ತಿದ್ದ ಕೆಲವರು ಕಂಪನಿಯ ಮಾತು ಕೇಳಿ ಕಳಿಸುವುದನ್ನೇ ನಿಲ್ಲಿಸಿದರು. ತಂಗಿ ಬಳ್ಳಾರಿಯವರೆಗೂ ಹೋಗಿ ಔಷಧಿ ಹೊತ್ತು ತಂದಳು. ಕೊನೆಗೆ ವರದಿ ಬಂತು. ಗುಳಿಗೆಯಲ್ಲಿ ಔಷಧಿ ಹೆಸರಿಗಷ್ಟೇ ಇತ್ತು, ಉಳಿದದ್ದೆಲ್ಲ ಬರೀ ಪುಡಿ. ಮಾರಾಟ ನಿಂತಿತು, ಕಂಪನಿಯ ಮೇಲೆ ಕೇಸಾಯಿತು. ಅದಿನ್ನೂ ಕೋರ್ಟಿನಲ್ಲಿದೆ. ಪೇಪರಿನಲ್ಲಿ ಸಣ್ಣ ಸುದ್ದಿ ಬಂದಿತ್ತು, ಇವಳ ಪ್ರಸ್ತಾಪವೇ ಇರಲಿಲ್ಲ. ನನಗೆ ಬೇಜಾರಾಯಿತು, ಅವಳಿಗೆ ಆಗಲಿಲ್ಲ.

ಆ ವಾರ ನಾವು ಮೂವರೂ ನಮ್ಮೂರ ಹತ್ತಿರದ ಬ್ರಹ್ಮಗಿರಿ ಬೆಟ್ಟಕ್ಕೆ ಹೋಗಿದ್ದೆವು. ಗುಳಿಗೆ ಬದಲಾದ ಮೇಲೆ ಅವ್ವ ಮತ್ತೆ ಬಿದ್ದಿರಲಿಲ್ಲ; ಬಂಡೆಯ ನೆರಳಲ್ಲಿ ಬುತ್ತಿ ಬಿಚ್ಚುತ್ತಿದ್ದಳು. ಆ ಮ್ಯಾನೇಜರ್ ಅಷ್ಟು ಗದರಿಸುವಾಗ ನಿನಗೆ ಒಂಚೂರೂ ಭಯವಾಗಲಿಲ್ಲವಾ ಎಂದು ತಂಗಿಯನ್ನು ಕೇಳಿದೆ.

"ಕಾಲು ನಡುಗ್ತಿದ್ವಕ್ಕ," ಎಂದಳು. "ಕೌಂಟರ್ ಹಿಂದೆ ನಿಂತಿದ್ನಲ್ಲ, ಯಾರಿಗೂ ಕಾಣ್ಲಿಲ್ಲ."

ಅಷ್ಟು ಹೇಳಿ, ಅವ್ವನ ಕೈಯಿಂದ ಬುತ್ತಿ ಇಸಿದುಕೊಂಡು, ನಮಗೆಲ್ಲ ಬಡಿಸತೊಡಗಿದಳು.