ಐಬು ಹೇಳಿ ಮಾರಿದ ಲ್ಯಾಪ್‌ಟಾಪ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮಗಳು ಸವಿತಾ ಮೊಬೈಲಿನಲ್ಲಿ ಒಂದು ಲ್ಯಾಪ್‌ಟಾಪಿನ ಚಿತ್ರ ತೋರಿಸಿ, "ಅವ್ವಾ, ಹೆಂಗೈತಿ ನೋಡು" ಎಂದಾಗ ನಾನು ಮೊಬೈಲನ್ನೇ ಬೋರಲು ಮಾಡಿ ಹಿಂಬದಿ ನೋಡಿದೆ. ಅವಳು ನಕ್ಕ ನಗುವಿನಲ್ಲಿ ಒಲೆಯ ಮೇಲೆ ಹಾಲು ಉಕ್ಕಿದ್ದು ಇಬ್ಬರಿಗೂ ತಿಳಿಯಲಿಲ್ಲ. ಏನು ಮಾಡಲಿ, ನಾನು ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿದವಳು. ಸೀರೆ ಕೈಗೆ ಬಂದರೆ ಮೊದಲು ತಿರುವಿ ನೋಡುವುದು ನಮ್ಮ ಚಾಳಿ. ಮೇಲ್ಬದಿಯನ್ನು ನೋಡುವವರ ಕಣ್ಣಿಗೆಂದು ನೇಯ್ದಿರುತ್ತಾರೆ. ನೇಯ್ದವನ ಕೈ ಕಾಣುವುದು ಒಳಬದಿಯಲ್ಲಿ.

ನಗುವ ಹೊತ್ತೂ ಅದಾಗಿರಲಿಲ್ಲ. ಸವಿತಾ ಬಿ.ಕಾಂ. ಮುಗಿಸಿ ಎರಡು ವರ್ಷವಾಗಿತ್ತು. ಮನೆಯಲ್ಲೇ ಕುಳಿತು ಮಾಡುವ ಕೆಲಸವೊಂದಕ್ಕೆ ಅರ್ಜಿ ಹಾಕಿದ್ದಳು. ಹದಿನೈದು ದಿನಕ್ಕೆ ಪರೀಕ್ಷೆ. ಲ್ಯಾಪ್‌ಟಾಪಿನ ಮುಂದೆ ಎರಡು ಗಂಟೆ ಕ್ಯಾಮೆರಾ ತೆರೆದುಕೊಂಡು ಕೂಡಬೇಕು. ಮಧ್ಯದಲ್ಲಿ ಅದು ನಿಂತರೆ ಮತ್ತೊಂದು ಅವಕಾಶವಿಲ್ಲ. ಹೊಸದು ನಮ್ಮ ಕೈಗೆ ಎಟುಕುವಂಥದ್ದಲ್ಲ. ಹಾಗಾಗಿ ಆನ್‌ಲೈನ್ ಬಜಾರಿನಲ್ಲಿ ಅರ್ಧ ಬೆಲೆಗೆ ಸಿಗುವ, ಒಬ್ಬರು ಬಳಸಿ ಬಿಟ್ಟದ್ದನ್ನು ಹುಡುಕುತ್ತಿದ್ದೆವು.

ನಮ್ಮವ್ವ ಶಿರಹಟ್ಟಿ ಕಡೆಯವಳು. ಸಂತೆಯಲ್ಲಿ ಗಡಿಗೆಯನ್ನು ಬೆರಳ ಗೆಣ್ಣಿನಿಂದ ಬಾರಿಸಿ, ಕಿವಿಗೆ ಹಿಡಿದು ಕೇಳಿಯೇ ಕೊಳ್ಳುತ್ತಿದ್ದಳು. ಜೋಳದ ಕಾಳನ್ನು ಹಲ್ಲಿನಲ್ಲಿ ಕಡಿದು, ಕಟ್ ಎಂದರೆ ಮಾತ್ರ ಚೀಲದ ಬಾಯಿ ಬಿಚ್ಚುತ್ತಿದ್ದಳು. ಈ ಗಾಜಿನ ಬಜಾರಿನಲ್ಲಿ ಬಾರಿಸುವುದೇನನ್ನು, ಕಡಿಯುವುದೇನನ್ನು? ಕೊಂಡವರ ಅಭಿಪ್ರಾಯ ಓದೋಣವೆಂದರೆ, ಬೀಗರು ಮದುವೆ ಊಟ ಹೊಗಳಿದ ಹಾಗೆ ಎಲ್ಲರದೂ ಒಂದೇ ಮಾತು. ಒಬ್ಬ ಪುಣ್ಯಾತ್ಮನಂತೂ "ಇನ್ನೂ ಡಬ್ಬಿ ಬಿಚ್ಚಿಲ್ಲ, ಬಹಳ ಚೆನ್ನಾಗಿದೆ" ಎಂದು ಬರೆದು ಐದು ಚುಕ್ಕಿ ಕೊಟ್ಟಿದ್ದ.

ಆಗ ನನಗೆ ಅಪ್ಪನ ನೆನಪಾಯಿತು. ಅಪ್ಪ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುವಾಗ ಎಲ್ಲಾದರೂ ಎಳೆ ತಪ್ಪಿದರೆ, ಅಲ್ಲೇ ಅಂಚಿಗೆ ಒಂದು ಕೆಂಪು ನೂಲು ಕಟ್ಟುತ್ತಿದ್ದ. ಇಲ್ಲಿ ಐಬಿದೆ ಎಂದು ಅಂಗಡಿಯ ಸಾವಕಾರನಿಗೆ ತಾನೇ ತೋರಿಸಿಕೊಡುವುದು! ಆ ಸೀರೆಗೆ ಸಾವಕಾರ ಕಡಿಮೆ ಕೊಡುತ್ತಿದ್ದ. ಅವ್ವ ಸಿಡುಕುತ್ತಿದ್ದಳು: "ಕಾಣದ ಐಬಿಗೆ ಕುಂಕುಮ ಹಚ್ಚಿ ತೋರಸ್ತೀರಲ್ಲ, ನಿಮಗೇನ ಹೇಳಬೇಕು!"

ಅಪ್ಪ ಲಾಳಿ ನಿಲ್ಲಿಸದೆ ಹೇಳುತ್ತಿದ್ದ: "ಇವತ್ತ ಅಂವಗ ಕಾಣೂದಿಲ್ಲ ಖರೆ. ನಾಳೆ ಉಟ್ಟಾಕಿಗೆ ಕಾಣತೈತಲ್ಲ?"

ಬರಬರುತ್ತ ಸಾವಕಾರ ನಮ್ಮ ಮನೆಯ ಸೀರೆಗಳ ಮಡಿಕೆ ಬಿಚ್ಚುವುದನ್ನೇ ಬಿಟ್ಟ. ಕೆಂಪು ನೂಲಿಲ್ಲವೆಂದರೆ ಐಬಿಲ್ಲ, ಮುಗಿಯಿತು.

ಅಪ್ಪನ ಈ ಗುಣ ಮಗ್ಗಕ್ಕೇ ನಿಂತಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಲಕ್ಷ್ಮೇಶ್ವರದಿಂದ ನನ್ನನ್ನು ನೋಡಲು ಬಂದವರ ಮುಂದೆಯೂ ಶುರುಮಾಡಿದ: "ಹುಡುಗಿ ಕೆಲಸಕ್ಕ ಚುರುಕ ಅದಾಳ್ರಿ. ಆದರ ಸಿಟ್ಟು ಮೂಗಿನ ತುದಿಮ್ಯಾಲ ಐತಿ. ಮತ್ತ ಮುಂಜಾನೆ ಜಲ್ದಿ ಏಳೂದಿಲ್ಲ." ಅವಲಕ್ಕಿಯ ತಾಟು ಹಿಡಿದು ನಿಂತ ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಅತ್ತೆಯಾಗುವವರು ಮಾತ್ರ ಬಾಯಿ ತುಂಬ ನಕ್ಕು, "ಇಷ್ಟ ಹೌದಲ್ರಿ? ಹಂಗಾರ ನಮ್ಮ ಮನಿಗೆ ಹೊಂದತಾಳ ಬಿಡ್ರಿ" ಎಂದರು. ಸಂಸಾರದ ಮೂವತ್ತು ವರ್ಷಗಳಲ್ಲಿ "ಇದನ್ನು ಮುಚ್ಚಿಟ್ಟಿರಿ" ಎಂಬ ಮಾತನ್ನು ನಾನು ಒಮ್ಮೆಯೂ ಕೇಳಬೇಕಾಗಲಿಲ್ಲ. ಇದೇನು ಸಣ್ಣ ಪುಣ್ಯವೇ?

ಹಾಗಾಗಿ ಸವಿತಾಗೆ ಹೇಳಿದೆ: "ಇದರ ಐಬೇನು ಅಂತ ಕೇಳು."

"ಅವ್ವಾ, ಮಾರಾವರಿಗೆ ಯಾರರ ಐಬು ಕೇಳತಾರೇನ? ಮಾನ ಕಳೀತಿ ನೋಡು."

"ಮಾನ ನಂದು ಹೋಗಲಿ. ನೀ ಬರಿ."

ನಾಲ್ಕು ಮಂದಿಗೆ ಬರೆದಳು. ಮೂವರು ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರಿಸಿದರು: ಏನೂ ಐಬಿಲ್ಲ, ಹೊಸದರ ಹಾಗಿದೆ, ಬೇಗ ಕೊಳ್ಳಿ. ನಾಲ್ಕನೆಯವನು ಒಂದು ದಿನ ತಡೆದು ಬರೆದ: "ಮುಚ್ಚಳದ ಮೇಲೆ ಗೀರಿದೆ. ಒಂದು ಅಕ್ಷರದ ಗುಂಡಿ ಒತ್ತಿದರೆ ನಿಧಾನಕ್ಕೆ ಏಳುತ್ತದೆ. ಬ್ಯಾಟರಿ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲದು, ವೈರು ಹಚ್ಚಿಯೇ ಕೂಡಬೇಕು. ಬೇಡವೆಂದರೆ ಬೇಸರವಿಲ್ಲ." ಜೊತೆಗೆ ಅಡಿಭಾಗದ ಒಂದು ಚಿತ್ರ. ನಾನು ಕೇಳಿಯೂ ಇರಲಿಲ್ಲ!

"ಇದ ಇರಲಿ" ಎಂದೆ.

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ನಮ್ಮ ಮನೆಯವರು ಎಚ್ಚರಿಸಿದರು: "ಒಂದ ಐಬು ಹೇಳಿ ಹತ್ತು ಮುಚ್ಚೂದು ಕಳ್ಳಗೂ ಗೊತ್ತಿರತೈತಿ. ಮನಿಗೆ ಬಂದು, ಚಾಲೂ ಮಾಡಿ ನೋಡಿದ ಮ್ಯಾಲ ರೊಕ್ಕ." ಅದೂ ಸರಿಯೇ. ಆ ಬಜಾರಿನವರ ಮೂಲಕವೇ ಹಾಗೆ ತರಿಸಿದೆವು. ಗೀರು ಹೇಳಿದಲ್ಲೇ ಇತ್ತು, ಗುಂಡಿ ಹೇಳಿದಷ್ಟೇ ಸೋಮಾರಿಯಾಗಿತ್ತು. ಮುಚ್ಚಿಟ್ಟದ್ದು ಒಂದೂ ಸಿಗಲಿಲ್ಲ.

ಪರೀಕ್ಷೆಯ ದಿನ ಕರೆಂಟು ಹೋಗದಿರಲಿ ಎಂದು ಬನಶಂಕರಿ ತಾಯಿಗೆ ತುಪ್ಪದ ದೀಪ ಹಚ್ಚಿದೆ. ನಮ್ಮ ಓಣಿಯ ಕರೆಂಟನ್ನು ತಾಯಿಯೊಬ್ಬಳನ್ನೇ ನಂಬಿ ಬಿಡುವ ಹಾಗಿರಲಿಲ್ಲ. ಬ್ಯಾಟರಿಯ ಸಂಗತಿಯೂ ಗೊತ್ತಿತ್ತಲ್ಲ. ಇನ್ವರ್ಟರ್ ಇರುವ ಪಕ್ಕದ ಮನೆಯ ಗಂಗಕ್ಕನ ಖೋಲಿಯಲ್ಲಿ ಸವಿತಾಳನ್ನು ಕೂಡಿಸಿದೆವು. ಗಂಗಕ್ಕ ತನ್ನ ಕುಕ್ಕರನ್ನೂ ಸೀಟಿ ಹೊಡೆಯದಂತೆ ಇಳಿಸಿಟ್ಟಳು.

ಪರೀಕ್ಷೆ ಶುರುವಾಗಿ ಮುಕ್ಕಾಲು ಗಂಟೆಗೆ ಕರೆಂಟು ಹೋಯಿತು. ಓಣಿಯ ಫ್ಯಾನುಗಳೆಲ್ಲ ನಿಂತು ಎಲ್ಲ ಗಪ್ಪಾಯಿತು. ಬಾಗಿಲ ಹೊರಗೆ ನಾನು ಕದಕ್ಕೆ ಕಿವಿ ಹಚ್ಚಿದೆ. ಒಳಗೆ ಗುಂಡಿ ಒತ್ತುವ ಸದ್ದು ಮಾತ್ರ ಟಕ ಟಕ ನಡೆದೇ ಇತ್ತು. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆದು ಸವಿತಾ, "ಮುಗೀತವ್ವಾ" ಎಂದಳು. ಹತ್ತು ದಿನಕ್ಕೆ ಕೆಲಸದ ಪತ್ರವೂ ಬಂತು.

ನಾನು ಕೇಳಿದ್ದು ಕರೆಂಟು ಹೋಗದಿರಲೆಂದು. ಅದನ್ನು ತಾಯಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅದಕ್ಕೂ ಎಷ್ಟೋ ದಿನ ಮೊದಲೇ, ಯಾವುದೋ ಊರಿನ ಗುರುತಿಲ್ಲದವನ ಬಾಯಿಂದ, ಬ್ಯಾಟರಿ ನಿಲ್ಲದೆಂದು ಹೇಳಿ ಕಳಿಸಿದ್ದಳು. ಕೇಳಿದ್ದಕ್ಕಿಂತ ಇದೇ ಹೆಚ್ಚಲ್ಲವೇ?

ಶುಕ್ರವಾರ ಗುಡಿಗೆ ಎರಡು ಕಾಯಿ ಒಯ್ದೆ. ಒಂದು ಸವಿತಾಳ ಹೆಸರಿಗೆ. ಎರಡನೆಯದನ್ನು ಎತ್ತಿಕೊಂಡು ಪೂಜಾರಿ, "ಇದು ಯಾರ ಹೆಸರಿಲೆವ್ವಾ?" ಎಂದರು.

"ಹೆಸರು ಗೊತ್ತಿಲ್ರಿ, ಊರೂ ಗೊತ್ತಿಲ್ಲ" ಎಂದೆ. "ಖರೆ ಹೇಳತಾನ, ಅಷ್ಟ ಗೊತ್ತೈತಿ."

ಪೂಜಾರಿ ನನ್ನ ಮುಖ ನೋಡಿದರು. ಆಮೇಲೆ ಕಾಯಿ ಒಡೆದರು.